ಪೆದ್ದಮ್ಮನ ಡಬ್ಬವೂ ಊರಿನ ಉಳಿತಾಯವೂ

ಮನೆಗಳಲ್ಲಿ ಬಳಸದೆ ಉಳಿದ ದಿನಸಿ ಹಾಳಾಗುವುದು ದೇಶಕ್ಕೆ ದೊಡ್ಡ ನಷ್ಟವೆಂದು ಮೇಲಿನವರು ಕಂಡುಹಿಡಿದ ವಾರದಲ್ಲೇ, ಬೂದಿಕೋಟೆ ಹೋಬಳಿಯ ನಮ್ಮೂರಿನಲ್ಲೂ ಅದು ಹಾಳಾಗುತ್ತಿದೆಯೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಏನು ಹಾಳಾಗುತ್ತಿದೆ ಅಂತ ಆಮೇಲೆ ಹುಡುಕೋಣ, ಮೊದಲು ಸಮಿತಿ ಆಗಲಿ ಎಂದರು ಮುನಿಸ್ವಾಮಪ್ಪನವರು. ಹೀಗೆ ‘ಉಳಿಕೆ ದಿನಸಿ ಸಂರಕ್ಷಣಾ ಸಮಿತಿ’ ಹುಟ್ಟಿತು. ಅವರು ಅಧ್ಯಕ್ಷರು. ಹಾಲಿನ ಡೈರಿಯ ಕಾರ್ಯದರ್ಶಿಯಾದ ನಾನು, ಅಂದರೆ ಮುನೀಂದ್ರ, ಇದಕ್ಕೂ ಕಾರ್ಯದರ್ಶಿಯಾದೆ. ಊರಿನಲ್ಲಿ ನಂಬಿಕಸ್ತ ತೂಕದ ಯಂತ್ರ ಇರುವುದು ನಮ್ಮ ಡೈರಿಯಲ್ಲಿ ಮಾತ್ರ. ಹಾಲಿಗೆ ನೀರು ಬೆರೆಸುವವರು ಇದನ್ನು ಒಪ್ಪುವುದಿಲ್ಲ, ಅವರ ಮಾತು ಬಿಡಿ.

ಮನೆಮನೆಗೆ ಹೋಗಿ ತಪಾಸಣೆ ಮಾಡಿದೆವು. ಫಲಿತಾಂಶ ತೀರಾ ನಿರಾಶಾದಾಯಕವಾಗಿತ್ತು. ಹಿಂದಿನ ದಿನದ ಸಾರು ಬಿಸಿಯಾಗಿ ಮುದ್ದೆಯ ಜೊತೆ ಹೊಟ್ಟೆ ಸೇರಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಹಸುವಿನ ಬಾನಿ ಸೇರಿದ್ದವು. ಏನನ್ನಾದರೂ ಹಾಳು ಮಾಡಬೇಕೆಂಬ ಕನಿಷ್ಠ ಜವಾಬ್ದಾರಿಯೂ ಇಲ್ಲದ ಜನ! ಅಧ್ಯಕ್ಷರು ತಲೆ ಮೇಲೆ ಕೈಹೊತ್ತು ಕೂತರು. ಕೊನೆಗೆ ಅವರ ಮನೆಯಲ್ಲೇ, ಅವರ ಹೆಂಡತಿ ಗಂಗರತ್ನಮ್ಮನವರು ಅಟ್ಟದ ಮೇಲೆ ಎಸೆದಿದ್ದ ಒಂದು ಓಟ್ಸ್ ಪೊಟ್ಟಣ ಸಿಕ್ಕಿತು. ಸಕ್ಕರೆ ಕಾಯಿಲೆಗೆ ಒಳ್ಳೇದು ಅಂತ ಡಾಕ್ಟರು ಹೇಳಿದ್ದಕ್ಕೆ ಬಂಗಾರಪೇಟೆಯಿಂದ ತಂದದ್ದು. ಅಧ್ಯಕ್ಷರು ಒಂದೇ ಒಂದು ಚಮಚ ತಿಂದು, “ಇದು ಗಂಜೀನೂ ಅಲ್ಲ, ಇಟ್ಟೂ ಅಲ್ಲ” ಅಂತ ಬಟ್ಟಲು ತಳ್ಳಿದ್ದರಂತೆ. ಈಗ ಅದನ್ನೇ ಎದೆಗವಚಿಕೊಂಡರು. ಊರಿನ ಮಾನ ಉಳಿಯಿತು.

ಕೂಡಲೇ ನಿಯಮಗಳನ್ನು ಹೊರಡಿಸಿದೆವು. ಉಳಿಕೆ ದಿನಸಿ ಇರುವವರು ಅದನ್ನು ಪಕ್ಕದ ಮನೆಗೆ ಕೊಡತಕ್ಕದ್ದು. ಕೊಡುವ ಮುಂಚೆ ಡೈರಿಯಲ್ಲಿ ತೂಗಿಸತಕ್ಕದ್ದು. ತೂಗಿದಷ್ಟನ್ನೂ ಊರು ಉಳಿಸಿದ ಆಹಾರವೆಂದು ಪರಿಗಣಿಸತಕ್ಕದ್ದು.

ಅಧ್ಯಕ್ಷರ ಪಕ್ಕದ ಮನೆ ಪೆದ್ದಮ್ಮನದು. ಆ ವಾರವಷ್ಟೇ ಪೆದ್ದಮ್ಮ ತನ್ನ ದೊಡ್ಡ ಸ್ಟೀಲ್ ಡಬ್ಬದ ತುಂಬ ಅವರೆಕಾಯಿ ಕಳಿಸಿದ್ದಳು. ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಏನಿಲ್ಲ ಅಂದರೂ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಗಂಗರತ್ನಮ್ಮನವರು ಪೊಟ್ಟಣವನ್ನು ಆ ಡಬ್ಬಕ್ಕೆ ಸುರಿದು, ತೂಗಿಸಿ, ಕೊಟ್ಟರು. ಒಂದು ಕೆ.ಜಿ. ಉಳಿತಾಯ! ಡೈರಿ ಮುಂದೆ ಚಪ್ಪಾಳೆ ಬಿತ್ತು.

ಪೆದ್ದಮ್ಮ ಮನೆಗೆ ಹೋದವಳೇ ಅದನ್ನು ಹಸುವಿನ ಬಾನಿಗೆ ಸುರಿಯಲು ಹೊರಟಳು. ಪುಣ್ಯಕ್ಕೆ ನಾನು ಅಲ್ಲಿಗೆ ಹೋಗಿದ್ದೆ.

“ಪೆದ್ದಕ್ಕ, ಹಸು ತಿಂದರೆ ಊರಿಗೆ ನಷ್ಟ. ನಿಮ್ಮ ಪಕ್ಕದ ಮನೆಗೆ ಕೊಡಿ.”

“ಕೊಡ್ತೀನಿ ಬುಡು. ಕವರ್‌ಗೆ ಸುರ್ದು ಕೊಟ್ಬುಡ್ತೀನಿ. ಡಬ್ಬ ನಂಗ್ ಬೇಕು ಕಣೋ.”

ಅದು ಸಾಧ್ಯವಿರಲಿಲ್ಲ. ಡಬ್ಬದ ತೂಕವನ್ನು ಯಂತ್ರದಲ್ಲಿ ಒಂದು ಸಲ ಕಳೆದಾಗಿತ್ತು. ದಿನಕ್ಕೊಂದು ಪಾತ್ರೆ ತಂದರೆ ಲೆಕ್ಕ ಏನಾಗಬೇಕು? ದಿನಸಿ ಮತ್ತು ಡಬ್ಬ ಒಂದೇ ಘಟಕವೆಂದು ಅಲ್ಲೇ ನಿಂತು ನಿಯಮ ಮಾಡಿದೆ.

“ನಮ್ಮಣ್ಣ ಊರಿಗಾಂ ಚಿನ್ನದ್ ಗಣೀಲಿದ್ದಾಗ ಕೊಡ್ಸಿದ್ ಡಬ್ಬ ಅದು,” ಎಂದಳು ಪೆದ್ದಮ್ಮ. “ಮುಚ್ಚಳದ್ ಮೇಲೆ ನನ್ನೆಸ್ರು ಕೆತ್ಸವ್ನೆ ನೋಡು. ಅಣ್ಣ ತೀರೋದ. ಅವನ್ ಮಗಳು ನವ್ಯಂಗೆ ಕೆ.ಜಿ.ಎಫ್ ಆಂಡರ್ಸನ್‌ಪೇಟೆಲಿ ಸೀಮಂತ ಮಾಡ್ತಾರೆ. ಅವತ್ತು ಅಪ್ಪನ್ ಡಬ್ಬದಲ್ಲೇ ಕಜ್ಜಾಯ ತತ್ತೀನಿ ಅಂತ ಆ ಮಗೀಗೆ ಮಾತ್ ಕೊಟ್ಟಿವ್ನಿ.”

ನನಗೂ ಅಯ್ಯೋ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ನಿಯಮ ಮಾಡಿ ಐದು ನಿಮಿಷವೂ ಆಗಿರಲಿಲ್ಲ.

ಡಬ್ಬ ಹೊರಟಿತು. ಬೆಳಗ್ಗೆ ಹಾಲು ಹಾಕಲು ಬರುವಾಗ ಒಬ್ಬರು ತಂದು ತೂಗಿಸಿ ಕೊಡುತ್ತಿದ್ದರು, ಸಂಜೆ ಹಾಲಿಗೆ ಬಂದಾಗ ತೆಗೆದುಕೊಂಡವರೇ ತೂಗಿಸಿ ಇನ್ನೊಬ್ಬರಿಗೆ ದಾಟಿಸುತ್ತಿದ್ದರು. ಪ್ರತಿ ಸಲವೂ ಒಂದು ಕೆ.ಜಿ. ಉಳಿತಾಯ. ತಿನ್ನುವ ಯೋಚನೆ ಯಾರಿಗೂ ಬರಲಿಲ್ಲ. ಅಷ್ಟರ ಮಟ್ಟಿಗೆ ಓಟ್ಸ್ ತುಂಬ ಸಹಕರಿಸಿತು. ಪೆದ್ದಮ್ಮ ಮಾತ್ರ ದಿನಾ ಡೈರಿಗೆ ಬಂದು ತನ್ನ ಡಬ್ಬವನ್ನು ನೋಡಿ, ಸೆರಗಿನಿಂದ ಮುಚ್ಚಳ ಒರೆಸಿ ಹೋಗುತ್ತಿದ್ದಳು. ಸಾರ್ವಜನಿಕರ ಸಹಭಾಗಿತ್ವ ಎಂದು ಅದನ್ನೂ ವರದಿಯಲ್ಲಿ ಸೇರಿಸಿದೆವು.

ಉಳಿತಾಯ ಒಂದು ಕ್ವಿಂಟಾಲ್ ಮುಟ್ಟುವ ಹೊತ್ತಿಗೆ ಮೇಲಿನಿಂದ ಸುದ್ದಿ ಬಂತು. ಬರುವ ಸೋಮವಾರ ಸಾಹೇಬರೇ ಬಂದು ನಮ್ಮ ಉಳಿತಾಯವನ್ನು ಕಣ್ಣಾರೆ ನೋಡುತ್ತಾರಂತೆ. ಅದೇ ಹೊತ್ತಿಗೆ ಡಬ್ಬ ಊರೆಲ್ಲ ಸುತ್ತಿ ಸರದಿ ಪ್ರಕಾರ ಪೆದ್ದಮ್ಮನ ಮನೆಗೆ ಬಂತು. ಭಾನುವಾರ ನವ್ಯಳ ಸೀಮಂತ.

ಭಾನುವಾರ ಬೆಳಗ್ಗೆ ಪೆದ್ದಮ್ಮ ರೇಷ್ಮೆ ಸೀರೆ ಉಟ್ಟು, ಡಬ್ಬವನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿಗೆ ನಿಂತಿದ್ದಾಳೆಂದು ತಿಳಿದು, ಅಧ್ಯಕ್ಷರೂ ನಾನೂ ಬೈಕಿನಲ್ಲಿ ಓಡಿದೆವು.

“ಪೆದ್ದಮ್ಮ, ಡಬ್ಬದಲ್ಲಿದ್ದುದು ಎಲ್ಲಿ?”

“ಡಬ್ಬದಾಗೇ ಅದೆ ಮುನಿಸ್ವಾಮಣ್ಣ. ಎಲ್ಲೋಗ್ತದೆ?”

ಮುಚ್ಚಳ ತೆಗೆದರೆ ಕಜ್ಜಾಯ! ಓಟ್ಸನ್ನು ಪುಡಿ ಮಾಡಿ, ಬೆಲ್ಲದ ಪಾಕಕ್ಕೆ ಕಲಸಿ, ಎಣ್ಣೆಯಲ್ಲಿ ಕರಿದು, ಅದೇ ಡಬ್ಬಕ್ಕೆ ತುಂಬಿದ್ದಳು. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಇದು ಉಳಿಕೆಯೋ ಅಡುಗೆಯೋ ಎಂಬ ಪ್ರಶ್ನೆ ಎದ್ದಿತು. ಬಸ್ಸನ್ನು ನಿಲ್ಲಿಸಿಕೊಂಡು ಡೈರಿಗೆ ಹೋಗಿ ತೂಗಿದೆವು. ಬೆಲ್ಲದ ದೆಸೆಯಿಂದ ಸುಮಾರು ಎರಡು ಕೆ.ಜಿ. ತೂಗಿತು!

“ಏನಮ್ಮಾ ಇದು, ಉಳಿತಾಯ ಎರಡರಷ್ಟಾಯಿತಲ್ಲ!” ಎಂದು ಅಧ್ಯಕ್ಷರು ಕೈಮುಗಿದರು. “ಓಗಿ ಬಾ ತಾಯಿ. ಯೋಜನೆ ಕೆ.ಜಿ.ಎಫ್‌ಗೂ ವಿಸ್ತರಿಸ್ಲಿ.”

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಹೊಳೆಯಿತು. “ಅಣ್ಣಾ, ಸೀಮಂತದ ಮನೆಯವರು ಅದನ್ನು ತಿಂದುಬಿಟ್ಟರೆ?”

ಅಧ್ಯಕ್ಷರು ಡೈರಿ ಕಟ್ಟೆಯ ಮೇಲೆ ಕುಸಿದು ಕೂತರು. ಒಂದು ಕ್ವಿಂಟಾಲ್ ಉಳಿತಾಯವನ್ನು ಯಾರೋ ಕಾಫಿ ಜೊತೆ ತಿಂದು ಮುಗಿಸುವುದೆಂದರೇನು? ಫೋನ್ ಮಾಡಿದಾಗ ಭಯಪಟ್ಟಂತೆಯೇ ಆಗಿತ್ತು. ತಿಂದಿದ್ದರು, ಬೆರಳೂ ಚೀಪಿದ್ದರು. ಅಪ್ಪನ ಡಬ್ಬ ನೋಡಿ ನವ್ಯ ಅತ್ತೇಬಿಟ್ಟಳಂತೆ. ಅದನ್ನು ಹೇಳುವಾಗ ಪೆದ್ದಮ್ಮನೂ ಅತ್ತಳು. ಈ ಕಡೆ ಅಧ್ಯಕ್ಷರೂ ಅತ್ತರು. ಕಾರಣ ಬೇರೆ, ಅಷ್ಟೇ.

ಸೋಮವಾರ ಸಾಹೇಬರ ಜೀಪು ಡೈರಿ ಮುಂದೆ ನಿಂತಾಗ ಪೆದ್ದಮ್ಮನ ಬಸ್ಸೂ ಬಂತು. ಡಬ್ಬ ಅವಳ ಕಂಕುಳಲ್ಲೇ ಇತ್ತು. ನಾನು ಮುಚ್ಚಳ ತೆಗೆದೆ. ತುಂಬ ಓಟ್ಸ್!

“ನವ್ಯನ್ ಮಾವಂಗೂ ಸಕ್ರೆ ಕಾಯ್ಲೆಯಂತೆ,” ಎಂದಳು ಪೆದ್ದಮ್ಮ. “ಅವ್ರಟ್ಟದ್ ಮೇಲೂ ಒಂದ್ ಪೊಟ್ಣ ಬಿದ್ದಿತ್ತು. ಡಬ್ಬಾನ ಖಾಲಿ ಎಂಗ್ ಕಳಿಸ್ತಾರೆ?”

ಸಾಹೇಬರು ಡಬ್ಬದೊಳಗೆ ಇಣುಕಿದರು. “ನೀವು ಉಳಿಸಿದ ಒಂದು ಕ್ವಿಂಟಾಲ್ ಇದೇನಾ?”

“ಹೌದು ಸಾರ್,” ಎಂದರು ಅಧ್ಯಕ್ಷರು. “ಒಂದೊಂದೇ ಕೆ.ಜಿ. ಉಳಿಸಿದ್ದು.”

ಸಾಹೇಬರು ಬಹಳ ಹೊತ್ತು ತಲೆದೂಗಿದರು. “ಇಡೋದಕ್ಕೆ ಗೋಡೌನೇ ಬೇಡ. ಒಳ್ಳೆ ಮಾದರಿ ಕಣ್ರೀ,” ಎಂದು ಪೆದ್ದಮ್ಮನಿಗೆ ಶಾಲು ಹೊದಿಸಿ, ಅವಳ ಡಬ್ಬವನ್ನೇ ಅವಳಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು. ಕಾಣಿಕೆ ಆದ್ದರಿಂದ ಡಬ್ಬ ಇನ್ನು ಅವಳದೇ ಎಂದು ಸಮಿತಿಯೂ ಒಪ್ಪಿತು. ಪೆದ್ದಮ್ಮ ಅದನ್ನು ಎದೆಗವಚಿಕೊಂಡು ಮನೆಗೆ ಹೋದಳು.

ಮರುದಿನ ಬೆಳಗ್ಗೆ ಹಾಲಿನ ಸಾಲಿನಲ್ಲಿ ಅವಳೇ ಮೊದಲು ನಿಂತಿದ್ದಳು. ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದರಲ್ಲಿ ಅದೇ ಡಬ್ಬ.

“ತೂಗೋ ಮುನೀಂದ್ರ. ನವ್ಯಂಗೆ ಎರಿಗೆ ಆದ್ಮ್ಯಾಕೆ ತೊಟ್ಲಿಗಾಕೋ ಶಾಸ್ತ್ರ ಅದೆ. ಅಷ್ಟೊತ್ಗೆ ಒಂದ್ ಸುತ್ತು ಬಂದ್ಬುಡ್ತದಾ?”

“ಬಂದೇ ಬರುತ್ತದೆ ಪೆದ್ದಕ್ಕ,” ಎಂದು ನಾನು ತೂಗಿದೆ.

“ಬೆಲ್ಲ ಈಗ್ಲೇ ತಂದಿಟ್ಕಂತೀನಿ,” ಎಂದು ಪೆದ್ದಮ್ಮ ಡಬ್ಬವನ್ನು ಪಕ್ಕದ ಮನೆಯವರ ಕೈಗೆ ಕೊಟ್ಟಳು.