ನಲವತ್ತು ಹೆಜ್ಜೆಯ ಸಂಗೀತ

ಟೈಲರಮ್ಮನ ಮನೆಯ ಕರೆಗಂಟೆ ನಲವತ್ತು ಹೆಜ್ಜೆಯವರೆಗೆ ಕೇಳಿಸುತ್ತಿತ್ತು. ನಲವತ್ತೊಂದನೆಯ ಹೆಜ್ಜೆಗೆ ಅದರ ಬಾಯಿ ಕಟ್ಟಿಹೋಗುತ್ತಿತ್ತು. ಆ ದಿನ ಬೀದಿಯಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಮೂಲ ಇಷ್ಟೇ.

ಗಂಟೆಯ ಗುಂಡಿ ಮಗನ ಗಾಲಿಕುರ್ಚಿಯ ಎಡಗೈ ಪಟ್ಟಿಯ ಮೇಲಿತ್ತು. ಅದನ್ನು ಒತ್ತಿದರೆ ಕೂಗುವ ಡಬ್ಬಿ ತಾಯಿಯ ಕೊರಳಲ್ಲಿ, ಅಳತೆ ಟೇಪಿನ ಜೊತೆ ನೇತಾಡುತ್ತಿತ್ತು. ಮಗನಿಗೆ ಇಪ್ಪತ್ತಾರು ವರ್ಷ. ಹುಟ್ಟುವಾಗಲೇ ಆದ ತೊಂದರೆಯಿಂದ ಅವನ ಕಾಲುಗಳು ಅವನ ಮಾತು ಕೇಳುತ್ತಿರಲಿಲ್ಲ. ಕೈಗಳೆರಡೂ ಆಸ್ತಿಗಾಗಿ ಜಗಳವಾಡಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಎಡಮುಷ್ಟಿಯೊಂದೇ ಅವನು ಹೇಳಿದಂತೆ ಕೇಳುತ್ತಿದ್ದದ್ದು. ಮಾತು ನಿಧಾನ, ತಲೆ ಮಾತ್ರ ಬಲು ಚುರುಕು. ಗಿರಾಕಿಗಳ ಅಳತೆಯನ್ನೆಲ್ಲ ಅವನೇ ಬಾಯಿಪಾಠ ಮಾಡಿಟ್ಟುಕೊಂಡಿದ್ದ.

"ಲೈಬ್ರರಿ ಮೇಡಂ ಸೊಂಟ ಮೂವತ್ನಾಲ್ಕಲ್ಲ ಅಮ್ಮಾ. ಹೋದ ವರ್ಷಾನೇ ಮೂವತ್ತಾರಾಯ್ತು. ಅವರು ಒಪ್ಕೊಳ್ಳಲ್ಲ, ಅಷ್ಟೆ" ಎನ್ನುತ್ತಿದ್ದ. ಅವನು ಹೇಳಿದಂತೆ ಹೊಲಿದ ಬಟ್ಟೆ ಒಂದೂ ವಾಪಸು ಬಂದಿರಲಿಲ್ಲ.

ಗಂಟೆಗೆ ಒಂದು ಭಾಷೆಯಿತ್ತು. ಒಂದು ಸಲ ಹೊಡೆದರೆ ನೀರು. ಎರಡು ಹೊಡೆದರೆ ಮಗ್ಗುಲು ಸರಿಮಾಡು. ಮೂರು ಹೊಡೆದರೆ ಬಚ್ಚಲಮನೆ. ಬಿಡದೆ ಹೊಡೆದರೆ ಅಪಾಯ, ಕೈಯಲ್ಲಿರುವುದನ್ನೆಲ್ಲ ಬಿಸಾಕಿ ಓಡಿ ಬಾ. ಈ ಕೊನೆಯದನ್ನು ಅವನು ಇದುವರೆಗೆ ಎರಡೇ ಸಲ ಬಳಸಿದ್ದ. ಒಮ್ಮೆ ಕುರ್ಚಿ ಮಗುಚಿದಾಗ, ಇನ್ನೊಮ್ಮೆ ಇಸ್ತ್ರಿಪೆಟ್ಟಿಗೆಯ ವೈರು ಹೊಗೆಯಾಡಿದಾಗ. ಮೊಬೈಲೂ ಇತ್ತು. ಆದರೆ ಆ ನುಣುಪು ಗಾಜಿನ ಮೇಲೆ ಅವನ ಮುಷ್ಟಿ ಒಂದು ಅಂಕಿಯ ಬದಲು ಆರು ಅಂಕಿ ಒತ್ತುತ್ತಿತ್ತು. ಒಮ್ಮೆ ಅಮ್ಮನಿಗೆಂದು ಒತ್ತಿದ್ದು ಬೆಂಕಿ ಆರಿಸುವವರಿಗೆ ಹೋಗಿ, ಕೆಂಪು ಗಾಡಿ ಬಂದು ನಿಂತು, ಇಡೀ ಬೀದಿ ಹೊರಗೆ ಬಂದಿತ್ತು.

ಟೈಲರಮ್ಮನಿಗೆ ಒಂದೇ ಒಂದು ಹುಚ್ಚು, ಹಾಡುವುದು. ಮಹಡಿ ಮೇಲಿನ ಸಂಗೀತದ ಮೇಷ್ಟ್ರ ಮನೆ ಮೆಟ್ಟಿಲೂ ಸೇರಿ ಮೂವತ್ತಾರು ಹೆಜ್ಜೆ ದೂರದಲ್ಲಿದ್ದುದರಿಂದ ಈ ಹುಚ್ಚು ಹನ್ನೊಂದು ವರ್ಷ ಉಳಿದುಕೊಂಡಿತ್ತು. ಮೇಷ್ಟ್ರು ಅವಳಿಗಾಗಿಯೇ ಒಂದು ದೋಣಿಯ ಹಾಡು ಕಟ್ಟಿಕೊಟ್ಟಿದ್ದರು. ಮೂರು ಚರಣ. ಮೊದಲನೆಯದರಲ್ಲಿ ದೋಣಿ ಹೊರಡುತ್ತದೆ, ಎರಡನೆಯದರಲ್ಲಿ ಗಾಳಿಗೆ ಸಿಗುತ್ತದೆ, ಮೂರನೆಯದರ ಕೊನೆಯ ಸಾಲಿನಲ್ಲಿ ದಡ ಸೇರುತ್ತದೆ. ಆದರೆ ಪ್ರತಿ ಸಲವೂ ಗಾಳಿಯ ಹೊತ್ತಿಗೋ ಅದಕ್ಕೂ ಮೊದಲೋ ಕೊರಳಿನ ಡಬ್ಬಿ ಕೂಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅವಳು ಆ ಹಾಡನ್ನು ಒಮ್ಮೆಯೂ ಪೂರ್ತಿ ಹಾಡಿರಲಿಲ್ಲ. ದೋಣಿ ಇನ್ನೂ ನಡುನೀರಿನಲ್ಲೇ ಇತ್ತು.

ಆ ದಿನ ಸಂಜೆ ಐದಕ್ಕೆ ಬೀದಿಯ ಕೊನೆಯಲ್ಲಿದ್ದ ಲೈಬ್ರರಿಯ ಮೇಲಿನ ಸಭಾಂಗಣದಲ್ಲಿ ವಾರ್ಷಿಕ ಕಾರ್ಯಕ್ರಮ. ಟೈಲರಮ್ಮನದು ಒಂದು ಹಾಡು. ಹಾಡನ್ನು ಕೊನೆಯವರೆಗೆ ಹಾಡಬೇಕು, ಅವಳಿಗಿದ್ದ ಆಸೆ ಅದೊಂದೇ. ಮಗನ ಜೊತೆಗಿರಲು ತಂಗಿ ಬರುತ್ತೇನೆಂದಿದ್ದಳು. ಬೆಳಗ್ಗೆ ತಂಗಿಯ ಫೋನು ಬಂತು.

"ಅಕ್ಕಾ, ಬಸ್ ಇಳಿಯೋವಾಗ ಕಾಲು ಉಳುಕಿಬಿಡ್ತು. ಹೆಜ್ಜೆ ಊರೋಕಾಗ್ತಿಲ್ಲ."

ಟೈಲರಮ್ಮ ಫೋನಿಟ್ಟು ಮಿಷನ್ ತುಳಿಯತೊಡಗಿದಳು. ಲೈಬ್ರರಿ ಮೇಡಂ ಸಂಜೆ ಹಾಕಿಕೊಳ್ಳಬೇಕಿದ್ದ ಹೊಸ ಕೋಟಿನ ಎಡತೋಳು ಬಲಕ್ಕೂ ಬಲತೋಳು ಎಡಕ್ಕೂ ಹೋಯಿತು.

"ನೀನು ಹೋಗಮ್ಮಾ" ಎಂದ ಮಗ.

"ನಿನ್ನನ್ನ ಒಬ್ಬನೇ ಬಿಟ್ಟಾ?"

"ನನಗೆ ಇಪ್ಪತ್ತಾರು. ಒಂದು ಗಂಟೆ ನಾನೊಬ್ನೇ ಇದ್ರೆ ಭೂಮಿ ಬಾಯಿ ಬಿಡಲ್ಲ."

"ಹಾಗಾದ್ರೆ ನೀನೂ ಬಾ. ನಾಲ್ಕು ಜನ ಸೇರಿ ಮೆಟ್ಟಿಲು ಹತ್ತಿಸ್ತಾರೆ."

"ಹೋದ್ಸಲ ಹತ್ತಿಸಿದ್ರಲ್ಲ, ಬೀರು ಸಾಗಿಸೋ ಹಾಗೆ. ಇನ್ನೊಂದ್ಸಲ ಬೇಡ."

"ಪಕ್ಕದ ಮನೆ ದೊಡ್ಡಮ್ಮನ್ನ ಕೂತಿರೋಕೆ ಹೇಳ್ಲಾ?"

"ಕೂತ್ರೆ ಅವರ ಮಂಡಿನೋವಿನ ಕತೆ ಹೇಳ್ತಾರೆ. ಎಡಮಂಡಿಗೆ ಒಂದು ಗಂಟೆ, ಬಲಮಂಡಿಗೆ ಒಂದು ಗಂಟೆ."

ಈ ಮಾತೆಲ್ಲ ಕಿಟಕಿಯ ಹೊರಗೆ ನಿಂತಿದ್ದ ಗಾರ್ಡು ಮಾವನ ಕಿವಿಗೆ ಬಿತ್ತು. ಆತ ಮೂವತ್ತು ವರ್ಷ ರೈಲಿನ ಕೊನೆಯ ಡಬ್ಬಿಯಲ್ಲಿ ನಿಂತು ಬಾವುಟ ತೋರಿಸಿ ನಿವೃತ್ತನಾದವನು. ಅಲ್ಲಿಂದೀಚೆಗೆ ತೋರಿಸಲು ಏನೂ ಸಿಗದೆ ಪರರ ಮನೆಯ ವ್ಯವಹಾರ ನಡೆಸಿಕೊಂಡು ಕಾಲ ಹಾಕುತ್ತಿದ್ದ.

"ಇದೊಂದು ಸಮಸ್ಯೆನಾ ಟೈಲರಮ್ಮಾ?" ಎಂದು ಆತ ತಲೆ ಒಳಗೆ ಹಾಕಿದ. "ಗಂಟೆ ನಲವತ್ತು ಹೆಜ್ಜೆ ಕೇಳುತ್ತೆ. ಸಭಾಂಗಣ ನೂರಾ ಅರವತ್ತು ಹೆಜ್ಜೆ. ಮಧ್ಯೆ ಜನ ನಿಲ್ಲಿಸಿದ್ರಾಯ್ತು."

ಒಂದು ಗಂಟೆಯೊಳಗೆ ಏರ್ಪಾಡಾಯಿತು. ಕೂಗುವ ಡಬ್ಬಿ ದೊಡ್ಡಮ್ಮನ ಕಿಟಕಿಗೆ. ಡಬ್ಬಿ ಎಷ್ಟು ಸಲ ಕೂಗಿತೋ ಅಷ್ಟು ಸಲ ದೊಡ್ಡಮ್ಮ ಟವೆಲ್ ಬೀಸಬೇಕು. ಅದನ್ನು ನೋಡಿ ತಿರುವಿನಲ್ಲಿರುವ ಬೇಕರಿಯವನು ಅಷ್ಟು ಸಲ ತಗಡಿನ ತಟ್ಟೆ ಬಡಿಯಬೇಕು. ಅದನ್ನು ಕೇಳಿ ಸಭಾಂಗಣದ ಮೆಟ್ಟಿಲ ಮೇಲಿಂದ ಗಾರ್ಡು ಮಾವ ಬಾವುಟ ಬೀಸಬೇಕು. ಅದನ್ನು ನೋಡಿ ವೇದಿಕೆಯ ಪಕ್ಕದಲ್ಲಿ ಕೂತ ಮೇಷ್ಟ್ರು ಕರವಸ್ತ್ರ ಎತ್ತಬೇಕು. ನೀರಿಗೂ ಮಗ್ಗುಲಿಗೂ ಬೀದಿಯವರೇ ಸಾಕು, ಬಿಡದೆ ಹೊಡೆದರೆ ಮಾತ್ರ ತಾಯಿಯವರೆಗೆ ಹೋಗಬೇಕು ಎಂದು ತೀರ್ಮಾನವಾಯಿತು.

"ಮೂರು ಹೊಡೆದ್ರೆ?" ಎಂದು ದೊಡ್ಡಮ್ಮ ಕೇಳಿದರು.

"ಮೂರು ಹೊಡೆಯಲ್ಲ" ಎಂದ ಮಗ ಗಂಭೀರವಾಗಿ. "ಅಮ್ಮ ಬರೋವರೆಗೂ ತಡ್ಕೋತೀನಿ."

ಮೂರು ಗಂಟೆಗೆ ಮೊದಲ ತಾಲೀಮು. ಮಗ ಇನ್ನೂ ಗುಂಡಿ ಮುಟ್ಟುವ ಮೊದಲೇ ದೊಡ್ಡಮ್ಮ ಸೆಕೆ ತಾಳದೆ ಟವೆಲಿನಿಂದ ಗಾಳಿ ಬೀಸಿಕೊಂಡರು. ಬೇಕರಿಯವನು ತಟ್ಟೆ ಬಡಿದೇ ಬಡಿದ. ಗಾರ್ಡು ಮಾವ ಕೆಂಪು ಬಾವುಟ ಹಿಡಿದು ರಸ್ತೆಗಿಳಿದ. ಬರುತ್ತಿದ್ದ ಬಸ್ಸೊಂದು ಗಕ್ಕನೆ ನಿಂತು, ಅದರ ಹಿಂದೆ ಎರಡು ಲಾರಿ ನಿಂತು, ಮುಂದೆ ಏನೋ ಅನಾಹುತವಾಗಿದೆಯೆಂದು ಪ್ರಯಾಣಿಕರೆಲ್ಲ ಇಳಿದು ನಡೆಯತೊಡಗಿದರು. ಅವರನ್ನು ಮತ್ತೆ ಬಸ್ಸಿಗೆ ಹತ್ತಿಸುವಷ್ಟರಲ್ಲಿ ನಾಲ್ಕಾಯಿತು. ಗಾರ್ಡು ಮಾವನ ಮುಖದಲ್ಲಿ ಮಾತ್ರ ಹತ್ತು ವರ್ಷಗಳಿಂದ ಕಾಣದ ಕಳೆಯಿತ್ತು.

ಟೈಲರಮ್ಮ ಮಗನನ್ನು ಬಚ್ಚಲಮನೆಗೆ ಕರೆದುಕೊಂಡು ಹೋಗಿ ಬಂದು, ಕುರ್ಚಿಯನ್ನು ಕಿಟಕಿಯ ಬಳಿ ನಿಲ್ಲಿಸಿ, ಮುಖ ತೊಳೆಯಲು ಹೋದಳು. ಆಗಲೇ ಧ್ವನಿವರ್ಧಕ ಹೊತ್ತು ಹೋಗುತ್ತಿದ್ದ ಮೈಕಿನವನನ್ನು ಮಗ ಕರೆದು ಏನೋ ಹೇಳಿದ. ಮೈಕಿನವನು ತಲೆಯಾಡಿಸಿ ಹೋದ. ಅವಳು ಕನ್ನಡಿಯಲ್ಲಿ ಇದನ್ನು ಕಂಡರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾಲ್ಕೂ ಕಾಲಿಗೆ ಎರಡನೆಯ ತಾಲೀಮು. ಮಗ ಒಂದು ಸಲ ಒತ್ತಿದ. ಟವೆಲ್ ಒಮ್ಮೆ, ತಟ್ಟೆ ಒಮ್ಮೆ, ಬಾವುಟ ಒಮ್ಮೆ. ಎಲ್ಲ ಸರಿಯಾಯಿತು. ನೀರು ಯಾರು ಕೊಡಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ. ದೊಡ್ಡಮ್ಮ ಒಂದು ಚೊಂಬು ನೀರು ತಂದರು, ಬೇಕರಿಯವನು ಸೋಡಾ ತಂದ, ಗಾರ್ಡು ಮಾವ ತನ್ನ ಫ್ಲಾಸ್ಕಿನ ಬಿಸಿನೀರು ಹಿಡಿದು ಏದುಸಿರು ಬಿಡುತ್ತ ಬಂದ. ಯಾರ ಮನಸ್ಸೂ ನೋಯಬಾರದೆಂದು ಮಗ ಮೂರನ್ನೂ ಕುಡಿದ.

"ಬೇಡ ಅನ್ನಬಾರದಾ?" ಎಂದಳು ತಾಯಿ.

"ನಿನ್ನ ಹಾಡಿಗೋಸ್ಕರ ಇಷ್ಟು ಜನ ಓಡ್ತಿದಾರೆ. ನಾನು ನೀರು ಕುಡಿಯೋದು ಯಾವ ಲೆಕ್ಕ? ಹೊರಡು."

ಕೊರಳಲ್ಲಿ ಡಬ್ಬಿಯಿಲ್ಲದೆ ಅವಳು ನಲವತ್ತೊಂದನೆಯ ಹೆಜ್ಜೆ ಇಟ್ಟಳು. ಏನೋ ಮರೆತು ಬಂದವಳಂತೆ ಮೂರು ಸಲ ಎದೆ ಮುಟ್ಟಿ ನೋಡಿಕೊಂಡಳು. ಹೆದರಿಕೆಯೂ ಆಯಿತು, ಒಂದು ಬಗೆಯ ಹಗುರವೂ ಆಯಿತು. ಹಗುರವಾಯಿತಲ್ಲ ಎಂದು ಮತ್ತೆ ನಾಚಿಕೆಯಾಯಿತು.

ಸಭಾಂಗಣ ತುಂಬಿತ್ತು. ಅದಲು ಬದಲಾದ ತೋಳಿನ ಕೋಟು ತೊಟ್ಟ ಲೈಬ್ರರಿ ಮೇಡಂ ಯಾರನ್ನೋ ತಬ್ಬಿಕೊಳ್ಳಲು ಬಂದವರ ಹಾಗೆ ಕೈ ಮುಂದೆ ಮಾಡಿಕೊಂಡೇ ಸ್ವಾಗತ ಹೇಳಿದರು. ಟೈಲರಮ್ಮ ಮೈಕಿನ ಮುಂದೆ ನಿಂತಳು. ಮೊದಲು ಮೆಟ್ಟಿಲ ಬಾಗಿಲಲ್ಲಿದ್ದ ಗಾರ್ಡು ಮಾವನ ಕಡೆ ನೋಡಿದಳು. ಹಸಿರು ಬಾವುಟ. ಕಣ್ಣು ಮುಚ್ಚಿ ಶುರು ಮಾಡಿದಳು.

ದೋಣಿ ಹೊರಟಿತು. ದನಿ ಮೊದಲ ಎರಡು ಸಾಲು ನಡುಗಿತು, ಆಮೇಲೆ ತಾನೇ ಸರಿಹೋಯಿತು. ಮೊದಲ ಚರಣ ಮುಗಿದಾಗ ಸಭೆ ಚಪ್ಪಾಳೆ ತಟ್ಟಿತು. ಹನ್ನೊಂದು ವರ್ಷ ಮೇಷ್ಟ್ರೊಬ್ಬರೇ ಕೇಳಿದ್ದ ದನಿಗೆ ಇಷ್ಟು ಜನ ಕೈ ತಟ್ಟುತ್ತಾರೆಂದು ಅವಳು ಎಣಿಸಿರಲಿಲ್ಲ. ಎರಡನೆಯ ಚರಣಕ್ಕೆ ಉಸಿರೆಳೆದುಕೊಂಡು ಕಣ್ಣು ತೆರೆದಳು.

ಬಾಗಿಲಲ್ಲಿ ಕೆಂಪು ಬಾವುಟ ಬಿಡದೆ ಅಲ್ಲಾಡುತ್ತಿತ್ತು. ದೂರದಲ್ಲಿ ತಟ್ಟೆ ಬಡಿಯುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ಮೇಷ್ಟ್ರು ಕರವಸ್ತ್ರ ಎತ್ತಲೋ ಬೇಡವೋ ಎಂದು ಅರ್ಧ ಎತ್ತಿ ಅಳುಮುಖ ಮಾಡಿಕೊಂಡಿದ್ದರು.

ಅವಳು ಮೈಕನ್ನು ಮೇಡಂ ಕೈಗಿಟ್ಟು ಬರಿಗಾಲಲ್ಲಿ ಓಡಿದಳು. ಮೆಟ್ಟಿಲು ಎಷ್ಟು ಇಳಿದಳೋ, ಎಷ್ಟು ಹಾರಿದಳೋ ಗೊತ್ತಿಲ್ಲ. ಹಿಂದೆ ಸೀಟಿ ಊದುತ್ತ ಗಾರ್ಡು ಮಾವ, ಅವನ ಹಿಂದೆ ಕರವಸ್ತ್ರ ಹಿಡಿದ ಮೇಷ್ಟ್ರು, ತಿರುವಿನಲ್ಲಿ ತಟ್ಟೆ ಸಮೇತ ಬೇಕರಿಯವನು, ಕೊನೆಗೆ ಎರಡೂ ಮಂಡಿ ಮರೆತು ದೊಡ್ಡಮ್ಮ. ಎಲ್ಲರೂ ಒಟ್ಟಿಗೇ ಬಾಗಿಲು ನುಗ್ಗಿದರು.

ಮಗ ಕಿಟಕಿಯ ಬಳಿ ಇದ್ದಲ್ಲೇ ಇದ್ದ. ಕುರ್ಚಿ ಮಗುಚಿರಲಿಲ್ಲ, ಹೊಗೆಯೂ ಇರಲಿಲ್ಲ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಮುಷ್ಟಿಯಿಂದ ಗುಂಡಿಯನ್ನು ಇನ್ನೂ ಗುದ್ದುತ್ತಲೇ ಇದ್ದ.

"ಏನಾಯ್ತೋ? ಎಲ್ಲಿ ನೋವು?"

ಅವನು ಬೆಪ್ಪಾಗಿ ಅವಳನ್ನು ನೋಡಿದ. "ನೀನ್ಯಾಕೆ ಬಂದೆ? ಇನ್ನೂ ಎರಡು ಚರಣ ಇತ್ತಲ್ಲ."

"ನೀನು ಬಿಡದೆ ಹೊಡೆದ್ಯಲ್ಲೋ."

"ಅದು..." ಅವನ ಮಾತು ಎಂದಿಗಿಂತ ನಿಧಾನವಾಯಿತು. "ಚಪ್ಪಾಳೆ ಹೊಡೀತಿದ್ದೆ ಅಮ್ಮಾ."

ಮೈಕಿನವನು ಒಂದು ಧ್ವನಿವರ್ಧಕವನ್ನು ಅವನ ಕಿಟಕಿಯ ಕಡೆಗೇ ತಿರುಗಿಸಿ ಕಟ್ಟಿದ್ದ. ಹಾಡೂ ಕೇಳಿತ್ತು, ಸಭೆಯ ಚಪ್ಪಾಳೆಯೂ ಕೇಳಿತ್ತು. ಎಲ್ಲರೂ ತಟ್ಟುವಾಗ ಅವನಿಗೆ ಸುಮ್ಮನೆ ಕೂರಲಾಗಲಿಲ್ಲ. ಎರಡು ಕೈ ಸೇರದವನಿಗೆ ಸದ್ದು ಮಾಡಲು ಇದ್ದದ್ದು ಆ ಗುಂಡಿ ಒಂದೇ. ಖುಷಿಯಲ್ಲಿ ಗಂಟೆಯ ಭಾಷೆ, ಬೀದಿಯ ಏರ್ಪಾಡು ಯಾವುದೂ ಅವನ ನೆನಪಿಗೆ ಬಂದಿರಲಿಲ್ಲ.

ಟೈಲರಮ್ಮನಿಗೆ ಅವನ ಕಿವಿ ಹಿಂಡಬೇಕೆನಿಸಿತು, ಅವನನ್ನು ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಕಿವಿ ಹಿಡಿದುಕೊಂಡೇ ಅಪ್ಪಿಕೊಂಡಳು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಲೈಬ್ರರಿ ಮೇಡಂ ದನಿ ಕೇಳಿತು. ಗಾಯಕಿ ಮನೆಯ ಕೆಲಸದ ನಿಮಿತ್ತ ತೆರಳಿದ್ದಾರೆ, ಈಗ ಕಾರ್ಯದರ್ಶಿಗಳ ವರದಿ.

"ವರದಿ ಅಂದ್ರೆ ಮುಗೀತು" ಎಂದರು ಮೇಷ್ಟ್ರು, ಕುಸಿದು ಕೂತು.

"ಇಲ್ಲೇ ಹಾಡಮ್ಮಾ" ಎಂದ ಮಗ. "ಇನ್ನು ಗುಂಡಿ ಮುಟ್ಟಲ್ಲ."

ಕಿಟಕಿ ಮುಚ್ಚಿ ಎಲ್ಲರೂ ಕೂತರು. ದೊಡ್ಡಮ್ಮ ಕಟಿಂಗ್ ಮೇಜಿನ ಮೇಲೆ, ಬೇಕರಿಯವನು ಬಟ್ಟೆ ಮೂಟೆಯ ಮೇಲೆ. ಟೈಲರಮ್ಮ ಮಿಷನ್ನಿಗೆ ಒರಗಿ ನಿಂತು ಎರಡನೆಯ ಚರಣದಿಂದ ಹಾಡಿದಳು. ಗಾಳಿ ಬೀಸಿತು, ದೋಣಿ ತೂಗಾಡಿತು. ಮೂರನೆಯ ಚರಣ ಬಂತು. ಇಷ್ಟು ದೂರ ಅವಳು ಎಂದೂ ಬಂದಿರಲಿಲ್ಲ. ಮೇಷ್ಟ್ರು ಉಸಿರು ಹಿಡಿದು ಬೆರಳು ಎತ್ತಿದರು. ಮಗನ ಮುಖ ಕಿವುಚಿಕೊಂಡಿತ್ತು, ಹಣೆಯ ಮೇಲೆ ಬೆವರು. ಹಾಡು ಅವನನ್ನು ಇಷ್ಟು ಕರಗಿಸಿತಲ್ಲ ಎಂದು ಅವಳು ಅಂದುಕೊಂಡಳು. ಉಳಿದದ್ದು ಒಂದೇ ಸಾಲು. ಅವಳು ದೀರ್ಘವಾಗಿ ಉಸಿರೆಳೆದುಕೊಂಡಳು.

ದೊಡ್ಡಮ್ಮನ ಕಿಟಕಿಯಲ್ಲಿ ಡಬ್ಬಿ ಕೂಗಿತು. ಒಂದು, ಎರಡು, ಮೂರು.

"ತಪ್ಪಾಯ್ತಮ್ಮಾ" ಎಂದ ಮಗ ಸಣ್ಣ ದನಿಯಲ್ಲಿ. "ಚೊಂಬು, ಸೋಡಾ, ಫ್ಲಾಸ್ಕು. ಮೊದಲನೇ ಚರಣದಿಂದ ತಡ್ಕೊಂಡಿದೀನಿ."

ಗಾರ್ಡು ಮಾವ ಎದ್ದು ನಿಂತು, ಎಲ್ಲರಿಗೂ ಬಾಗಿಲ ಕಡೆ ಹಸಿರು ಬಾವುಟ ತೋರಿಸಿದ. ಅವರು ಸದ್ದಿಲ್ಲದೆ ಸಾಲಾಗಿ ಹೊರಗೆ ಹೋದರು. ಟೈಲರಮ್ಮ ಎಳೆದುಕೊಂಡ ಉಸಿರನ್ನು ಹಾಗೆಯೇ ಬಿಟ್ಟು, ಕುರ್ಚಿಯ ಬ್ರೇಕು ತೆಗೆದು, ಬಚ್ಚಲಮನೆಯ ಕಡೆ ತಳ್ಳಿಕೊಂಡು ನಡೆದಳು.