ಅತ್ತೆಯ ಗೇಣು, ನನ್ನ ಓಮ್

ಚಟ ಬಿಡುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಚಟದ ಸುತ್ತ ಬೆಳೆದ ಸರಂಜಾಮು ಬಿಡುವುದು ಅದಕ್ಕಿಂತ ಕಷ್ಟ ಎಂದು ಯಾರೂ ಹೇಳುವುದಿಲ್ಲ. ನಂಜನಗೂಡಿನಲ್ಲಿದ್ದ ನಮ್ಮ ಸೋದರಮಾವ ಎಲೆಯಡಿಕೆ ಬಿಟ್ಟ ಮೇಲೂ ಅಡಕತ್ತರಿ ಬಿಡಲಾರದೆ, ಬಂದವರಿಗೆಲ್ಲ ಕೇಳಿದರೂ ಕೇಳದಿದ್ದರೂ ಅಡಿಕೆ ಕತ್ತರಿಸಿ ಕೊಡುತ್ತ ಜಗಲಿಯ ಮೇಲೆ ಕೂತಿರುತ್ತಿದ್ದರು. ಆಗ ನಾನು ನಗುತ್ತಿದ್ದೆ. ಈಗ ಮಿಷಿಗನ್ನಿನ ರಾಚೆಸ್ಟರ್ ಹಿಲ್ಸ್‌ನಲ್ಲಿ, ನನ್ನ ಗರಾಜಿನ ಟೇಬಲ್ಲಿನ ಮುಂದೆ ಕೂತು ಸಪೂರ ತಂತಿಯನ್ನು ಸ್ಕ್ರೂಡ್ರೈವರಿಗೆ ಸುತ್ತುವಾಗ ಆ ಮಾವನ ಮುಖ ಕಣ್ಣಮುಂದೆ ಬರುತ್ತದೆ, ನಗು ಮಾತ್ರ ಬರುವುದಿಲ್ಲ.

ನನ್ನದು ಸಿಗರೇಟಿನ ಚಟ. ಮುಂಜಾನೆ ಎದ್ದ ಕೂಡಲೇ ಒಂದು ಎಳೆಯದಿದ್ದರೆ ಕೈಕಾಲೇ ಆಡುವುದಿಲ್ಲ ಎಂದು ಹೆಂಡತಿ ಸುಮಾಳ ಮುಂದೆ ಅಲವತ್ತುಕೊಳ್ಳುತ್ತಿದ್ದವನು ನಾನು. ಅವಳು ಡಾಕ್ಟರು, ಧಾರವಾಡದವಳು. ಎರಡರಲ್ಲಿ ಒಂದಾಗಿದ್ದರೂ ಹೇಗೋ ನಿಭಾಯಿಸುತ್ತಿದ್ದೆ. ಕೊನೆಗೆ ಸಿಗರೇಟು ಬಿಟ್ಟು ವೇಪ್ ಹಿಡಿದೆ. ವೇಪ್ ಎಂದರೆ ಬ್ಯಾಟರಿಯ ಮೇಲೆ ಕೂತ ಪುಟ್ಟ ಒಲೆ. ಅದರೊಳಗೊಂದು ತಂತಿಯ ಸುರುಳಿ, ಸುರುಳಿಯ ಹೊಟ್ಟೆಯಲ್ಲಿ ಹತ್ತಿ, ಹತ್ತಿಗೆ ನಿಕೋಟಿನ್ ಬೆರೆತ, ಹಣ್ಣಿನ ವಾಸನೆಯ ದ್ರವ. ಗುಂಡಿ ಒತ್ತಿದರೆ ತಂತಿ ಕಾದು ದ್ರವ ಆವಿಯಾಗುತ್ತದೆ. ಆ ಸುರುಳಿಗೆ ಕಾಯಿಲ್ ಎನ್ನುತ್ತಾರೆ. ಬೇರೆಯವರು ಅದನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ. ನನಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಯಾಕೆಂದರೆ ನಾನು ಹೊಟ್ಟೆ ಹೊರೆಯುವುದೇ ಕಾರಿನ ಸೀಟು ಬಿಸಿ ಮಾಡುವ ತಂತಿಯಿಂದ. ಮಿಷಿಗನ್ನಿನ ಚಳಿಯಲ್ಲಿ ಜನರ ಬೆನ್ನು ಬೆಚ್ಚಗಿರುವುದರಲ್ಲಿ ನನ್ನದೂ ಒಂದಿಷ್ಟು ಪಾಲಿದೆ ಎಂದು ನನಗೆ ಹೆಮ್ಮೆ. ಇಂಥವನು ಒಂದು ಉಗುರಿನಷ್ಟು ಕಾಯಿಲನ್ನು ದುಡ್ಡು ಕೊಟ್ಟು ತರುವುದೇ?

ಲೆಕ್ಕ ಬಹಳ ಸರಳ. ತಂತಿ ಉದ್ದವಾದಷ್ಟೂ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ, ಹೆಚ್ಚು, ಕರೆಂಟು ಕಡಿಮೆ, ಬಿಸಿ ಕಡಿಮೆ. ತುಂಡಾದಷ್ಟೂ ಎಲ್ಲ ತಿರುಗುಮುರುಗು. ಆ ತಡೆಯ ಅಳತೆಯೇ ಓಮ್; ಒಂದು ಅಡಿ ತಂತಿಗೆ ಇಷ್ಟು ಓಮ್ ಎಂದು ಗೊತ್ತಿದ್ದರೆ ಉಳಿದದ್ದು ಗುಣಾಕಾರ. ಆದರೂ ಮೀಟರಿಗೆ ಹಚ್ಚಿ ನೋಡದೆ ಗುಂಡಿ ಒತ್ತಬಾರದು, ಇಲ್ಲದಿದ್ದರೆ ಬ್ಯಾಟರಿ ಮುನಿಸಿಕೊಳ್ಳುತ್ತದೆ. ಈ ಉಪದೇಶವನ್ನು ನಾನು ಕಂಡಕಂಡವರಿಗೆಲ್ಲ ಮಾಡಿದ್ದೇನೆ. ಮದುವೆಮನೆಯ ಊಟದ ಸಾಲಿನಲ್ಲಿ ಒಬ್ಬರಿಗೆ ಮಾಡುತ್ತಿದ್ದಾಗ ಅವರು ತಟ್ಟೆ ಹಿಡಿದುಕೊಂಡೇ ಬೇರೆ ಸಾಲಿಗೆ ಹೋದರು.

ಹೀಗೆ ಸುತ್ತುತ್ತ ಸುತ್ತುತ್ತ ದ್ರವದಲ್ಲಿನ ನಿಕೋಟಿನ್ ಇಳಿಸುತ್ತ ಬಂದೆ. ಈ ಬೇಸಿಗೆಯಲ್ಲಿ ಅದು ಸೊನ್ನೆಗೆ ಬಂತು. ಆಮೇಲೆ ಎಳೆಯುವುದೂ ಮರೆತುಹೋಯಿತು. ಸುತ್ತುವುದು ಮಾತ್ರ ನಿಲ್ಲಲಿಲ್ಲ. ಆಫೀಸಿನಿಂದ ಬಂದು ಅರ್ಧ ಗಂಟೆ ಆ ಟೇಬಲ್ಲಿನ ಮುಂದೆ ಕೂತು, ಸುತ್ತಿನ ಪಕ್ಕಕ್ಕೆ ಸುತ್ತು ಸಾಲಾಗಿ ಬಂದು, ಮೀಟರು ನಾನು ಅಂದುಕೊಂಡ ಅಂಕಿಯನ್ನೇ ತೋರಿಸಿತೆಂದರೆ ಆ ದಿನ ಸಾರ್ಥಕ. ಮನುಷ್ಯನಿಗೆ ದಿನಕ್ಕೆ ಒಂದಾದರೂ ವಿಷಯ ಅಂದುಕೊಂಡಂತೆ ಆಗಬೇಕಲ್ಲ. ಸುಮಾಗೆ ಇದು ಅರ್ಥವಾಗಲಿಲ್ಲ. "ಚಟ ಹೋತು, ಇನ್ನ ಟೇಬಲ್ ಯಾಕ? ಹಿಮ ಬೀಳೂದ್ರಾಗ ತೆಗೀರಿ, ನನ್ನ ಕಾರು ಒಳಗ ನಿಲ್ಲಬೇಕು" ಅಂದಳು. ನ್ಯಾಯವಾದ ಮಾತು. ಬೆಳಗಿನ ಜಾವ ಆಸ್ಪತ್ರೆಗೆ ಹೋಗುವವಳು ಗಾಜಿನ ಮೇಲಿನ ಮಂಜು ಕೆರೆಯುತ್ತ ನಿಲ್ಲುವುದು, ಗರಾಜಿನ ಒಳಗೆ ಒಂದು ಟೇಬಲ್ಲು ಬೆಚ್ಚಗೆ ಕೂತಿರುವುದು, ಯಾವ ಕೋರ್ಟಿನಲ್ಲೂ ನಿಲ್ಲುವ ಸಂಗತಿಯಲ್ಲ. ಆದರೂ ಟೇಬಲ್ ತೆಗೆಯುವುದನ್ನು ನಾನು ನಾಳೆ, ನಾಡಿದ್ದು ಎಂದು ಮುಂದೂಡುತ್ತ ಬಂದೆ.

ಆಗ ನನ್ನ ಕೈ ಹಿಡಿದವರು ಅತ್ತೆ. ಧಾರವಾಡದಿಂದ ಬಂದಿದ್ದ ಅವರಿಗೆ ನನ್ನ ಗರಾಜಿನ ಪರಿಚಯವಾಗಿದ್ದು ವಾಸನೆಯಿಂದ. ನಾನಿನ್ನೂ ಎಳೆಯುತ್ತಿದ್ದ ದಿನಗಳವು. ಒಂದು ಸಂಜೆ ಬಾಗಿಲು ತೆರೆದು, "ಮಾವಿನಹಣ್ಣಿನ ವಾಸನಿ ಬರ್ಲಿಕತ್ತದ, ಸೀಕರಣಿ ಮಾಡೀರೇನ್ರಿ?" ಎಂದು ಕೇಳಿದರು. ವಿಷಯ ತಿಳಿದ ಮೇಲೆ ಬೈಯಲಿಲ್ಲ, ಸೀಕರಣಿ ಇಲ್ಲವಲ್ಲ ಎಂದು ಬೇಜಾರು ಮಾಡಿಕೊಂಡರು ಅಷ್ಟೆ. ಆದರೆ ಅವರ ಕಣ್ಣು ಟೇಬಲ್ಲಿನ ಮೇಲಿದ್ದ ಹತ್ತಿಯ ಮೇಲೆ ಬಿತ್ತು. ಕಾಯಿಲಿಗೆಂದೇ ನಾನು ತರಿಸಿದ ಜಪಾನಿನ ಹತ್ತಿ. ಮರುದಿನ ನೋಡಿದರೆ ಅದು ದೇವರ ಮುಂದೆ ಹೂಬತ್ತಿಯಾಗಿ ಉರಿಯುತ್ತಿತ್ತು, ಮಿಕ್ಕಿದ್ದು ಗೆಜ್ಜೆವಸ್ತ್ರವಾಗಿ ದೇವರ ಕೊರಳಲ್ಲಿತ್ತು. "ಎಷ್ಟ್ ಛಲೋ ಹತ್ತಿರಿ ಇದು" ಎಂದು ಮೆಚ್ಚಿಕೊಂಡರು. ಆಮೇಲೆ ಷಿಕಾಗೋಗೆ ಹೋದಾಗ ಇಂಡಿಯನ್ ಅಂಗಡಿಗಳಿರುವ ಡೆವನ್ ಅವೆನ್ಯೂದಲ್ಲಿ ಪೂಜೆಯ ಹತ್ತಿ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟರು, ಬದಲಿಗೆ ಬದಲಿ.

ಅತ್ತೆಗೆ ಈ ದೇಶದಲ್ಲಿ ಒಂದೇ ಕೊರಗು, ಧೂಪ ಹಾಕುವ ಹಾಗಿಲ್ಲ. ಷಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿರುವ ನನ್ನ ನಾದಿನಿ ಮೇಘಾಳ ಮನೆಯಲ್ಲಿ ಒಮ್ಮೆ ಕೆಂಡದ ಮೇಲೆ ಲೋಬಾನ ಹಾಕಿ, ಸ್ಮೋಕ್ ಅಲಾರ್ಮು ಕಿರುಚಿ, ಅದನ್ನು ನಿಲ್ಲಿಸಲು ಮೇಘಾಳ ಗಂಡ ಸ್ಟೂಲು ಹತ್ತಬೇಕಾಗಿ ಬಂದ ಆ ಅವಮಾನವನ್ನು ಅವರು ಮರೆತಿರಲಿಲ್ಲ. "ಮನ್ಯಾಗ ದೇವರಿಗೆ ಧೂಪಿಲ್ಲಂದ್ರ ಅದೇನ್ ಪೂಜಾ ಆತ್ರಿ? ಊಟಕ್ಕ ಕರದು ನೀರು ಕೊಡಲಾರದಂಗ" ಎನ್ನುತ್ತಿದ್ದರು. ಥಟ್ಟನೆ ನನಗೆ ಹೊಳೆಯಿತು. ಲೋಬಾನ ಸುಡಬಾರದು, ಬೆಚ್ಚಗಾಗಬೇಕು. ಪರಿಮಳ ಬರಬೇಕು, ಹೊಗೆ ಬರಬಾರದು. ಅಂದರೆ ಸರಿಯಾದ ಓಮ್‌ನ ಒಂದು ಕಾಯಿಲ್, ಅದರ ಮೇಲೊಂದು ಸ್ಟೀಲ್ ಬಟ್ಟಲು, ಒಂದು ಅಡಾಪ್ಟರು. ಜಗತ್ತಿನಲ್ಲಿ ಇದನ್ನು ಮಾಡಲು ನನಗಿಂತ ಯೋಗ್ಯ ಅಳಿಯ ಇರಲಾರ.

ನಮ್ಮ ಮನೆಯ ದೇವರ ಮುಂದೆ ಪರೀಕ್ಷೆ ಮಾಡಿದೆವು. ಪರಿಮಳ ಮನೆಯೆಲ್ಲ ಹರಡಿತು, ಅಲಾರ್ಮು ಹಸಿರು ಕಣ್ಣು ಬಿಟ್ಟುಕೊಂಡು ಸುಮ್ಮನಿತ್ತು. ಅತ್ತೆಯ ಕಣ್ಣಲ್ಲಿ ನೀರು ಬಂತು. ಸುಮಾ ಮಾತ್ರ ಬಾಗಿಲಿಗೆ ಒರಗಿ ನಿಂತು, "ಮೇಘಾನ ಮನ್ಯಾಗ ಲಕ್ಷ್ಮೀ ಪೂಜಾಕ್ಕ ಇದು ನಡದ್ರ ಟೇಬಲ್ ಇರ್ಲಿ. ಅಲ್ಲಿ ಅಲಾರ್ಮ್ ಹೊಡೀತಂದ್ರ ವಾಪಸ್ ಬಂದ ದಿವಸನ ಖಾಲಿ ಮಾಡ್ಬೇಕು" ಎಂದು ಷರತ್ತು ಹಾಕಿದಳು. ನಾನು ಒಪ್ಪಿದೆ. ಲೆಕ್ಕ ನನ್ನ ಕಡೆಗಿತ್ತು.

ಶ್ರಾವಣ ಶುಕ್ರವಾರದ ಲಕ್ಷ್ಮಿ ಅಮೆರಿಕದಲ್ಲಿ ಎಲ್ಲರಿಗೂ ರಜೆ ಇರಲೆಂದು ಶನಿವಾರ ಬರುತ್ತಾಳೆ. ಮೇಘಾಳ ಮನೆಯ ಪೂಜೆಗೆ ಹೊರಡುವ ದಿನ ನಾನು ಕಾರಿಗೆ ಸಾಮಾನು ತುಂಬುತ್ತಿದ್ದೆ. ಅತ್ತೆ ಗರಾಜಿನಲ್ಲಿ ನಿಂತು, "ಇನ್ನೊಂದು ಕಾಯಿಲ್ ಜೋಡಿ ಇರ್ಲಿ ಅಳಿಯಂದ್ರ, ದೂರದ ಹಾದಿ. ನಾನ ಸುತ್ತತೀನಿ, ಎಷ್ಟ್ ತಂತಿ ತಗೊಳ್ಳಿ?" ಎಂದರು. ಕೈಯಲ್ಲಿ ಮಿಕ್ಸರ್ ಹಿಡಿದಿದ್ದ ನಾನು, "ಎರಡು ಗೇಣು ಸಾಕು ಅತ್ತೆ" ಅಂದೆ. ಅವರು ಹೂವಿನ ಮಾಲೆ ಅಳೆಯುವ ಹಾಗೆ ಅಳೆದು, ಕತ್ತರಿಸಿ, ನನಗಿಂತ ಚೆಂದವಾಗಿ ಸುತ್ತಿ, ಕುಂಕುಮದ ಡಬ್ಬಿಯಲ್ಲಿಟ್ಟುಕೊಂಡರು. ಮೀಟರು ಟೇಬಲ್ಲಿನ ಮೇಲೆಯೇ ಉಳಿಯಿತು.

ವುಡ್‌ರಿಡ್ಜ್ ತಲುಪಿ ನೋಡಿದರೆ ನಾನು ಸುತ್ತಿದ ಕಾಯಿಲಿನ ಕಾಲು, ಅಂದರೆ ಕರೆಂಟಿಗೆ ಜೋಡಿಸುವ ತುದಿ, ಮುರಿದಿತ್ತು. ಅತ್ತೆಯದನ್ನು ಜೋಡಿಸಿದೆ. ತಂತಿ ಅದೇ, ಉದ್ದ ಅದೇ, ಇನ್ನೇನು? ಹಾಲ್ ತುಂಬ ರೇಷ್ಮೆ ಸೀರೆಯ ಹೆಂಗಸರು, ಕುರ್ತಾ ತೊಟ್ಟ ಮಕ್ಕಳು. ಮೊದಲು ಪರಿಮಳ ಬಂತು. ಎಲ್ಲರೂ ಆಹಾ ಎಂದರು. ನಾನು ಸುಮಾಳ ಕಡೆ ನೋಡಿ ಹುಬ್ಬು ಹಾರಿಸಿದೆ. ಆಮೇಲೆ ಬಟ್ಟಲ ಕೆಳಗೆ ಕೆಂಪಗೆ ಏನೋ ಹೊಳೆಯಿತು. ಅತ್ತೆ ಮಂಗಳಾರತಿ ಎತ್ತುವುದಕ್ಕೂ ಬಿಳಿ ಹೊಗೆ ಕಂಬದ ಹಾಗೆ ಮೇಲೇಳುವುದಕ್ಕೂ ಸರಿಹೋಯಿತು. ಹಾಲಿನ ಅಲಾರ್ಮು ಕಿರುಚಿತು, ಅದನ್ನು ಕೇಳಿ ಮಹಡಿಯದು ಕಿರುಚಿತು, ಬೇಸ್‌ಮೆಂಟಿನದು ತಾನೇನು ಕಡಿಮೆ ಎಂದು ಶುರುಮಾಡಿತು. ನಡುನಡುವೆ ಒಬ್ಬ ಹೆಂಗಸಿನ ದನಿ ಶಾಂತವಾಗಿ "ಫೈರ್, ಫೈರ್" ಎನ್ನುತ್ತಿತ್ತು. ನಾನು ಪ್ಲಗ್ ಕಿತ್ತೆ. ಮೇಘಾ ಬಾಗಿಲು ತೆರೆದು ಪಿಜ್ಜಾ ಡಬ್ಬಿಯ ಮುಚ್ಚಳದಿಂದ ಗಾಳಿ ಬೀಸಿದಳು. ಅವಳ ಮಗಳು "ಅಜ್ಜಿ, ದಿಸ್ ಈಸ್ ದ ಬೆಸ್ಟ್ ಪೂಜಾ ಎವರ್" ಅಂದಳು. ಅತ್ತೆ ಮಾತ್ರ ಆರತಿ ನಿಲ್ಲಿಸಲಿಲ್ಲ, ಇದೂ ಒಂದು ವಾದ್ಯವೇ ಎನ್ನುವ ಹಾಗೆ ಇನ್ನೊಂದು ಸುತ್ತು ಎತ್ತಿದರು.

ಊಟದ ಮೇಲೆ ವಿಚಾರಣೆ. "ಮೀಟರ್ ಹಚ್ಚಿ ನೋಡಿದ್ರೇನು?" ಎಂದು ಸುಮಾ ಕೇಳಿದಳು. ನಾನು ಹೋಳಿಗೆಯ ಕಡೆ ನೋಡಿದೆ. "ಎರಡು ಗೇಣು ಅಂತ ಅಳತೆ ಸರಿಯಾಗೇ ಹೇಳಿದ್ದೆ" ಅಂದೆ. ಅತ್ತೆ ತಮ್ಮ ಅಂಗೈಯನ್ನು ನನ್ನ ಅಂಗೈಗೆ ಹಚ್ಚಿ ಬೆರಳು ಅಗಲಿಸಿದರು. ಅವರ ಕಿರುಬೆರಳು ನನ್ನ ಉಂಗುರದ ಬೆರಳನ್ನೂ ಮುಟ್ಟಲಿಲ್ಲ. ಅಡಿ, ಇಂಚು, ಮಿಲಿಮೀಟರು ಎಂದು ದಿನವಿಡೀ ಜಗಳವಾಡುವ ಎಂಜಿನಿಯರು ಅತ್ತೆಗೆ ಗೇಣಿನ ಲೆಕ್ಕ ಕೊಟ್ಟಿದ್ದ, ಯಾರ ಗೇಣು ಎಂದು ಹೇಳಿರಲಿಲ್ಲ. ತಂತಿ ತುಂಡಾಗಿತ್ತು, ಬಿಸಿ ಏರಿತ್ತು. ಸುಮಾ ನಕ್ಕು ನಕ್ಕು ಸೋಫಾದ ಮೇಲೆ ಕುಸಿದಳು.

"ಟೇಬಲ್ ಖಾಲಿ ಮಾಡ್ತೀನಿ" ಅಂದೆ, ತಲೆ ತಗ್ಗಿಸಿ.

"ಯಾರ ಟೇಬಲ್ ಯಾರ ಖಾಲಿ ಮಾಡೂದು?" ಎಂದರು ಅತ್ತೆ. "ಕಾಯಿಲ್ ನಂದು, ತಪ್ಪು ಗೇಣಿಂದು. ನಾ ಇನ್ನೊಂದು ಸುತ್ತೂದದ. ಸುಮಾ, ನಿನ್ನ ಕಾರಿಗೆ ಅವರ ಕಾರು ನಿಲ್ಲೂ ಜಾಗಾ ತಗೋ."

ಅತ್ತೆ ಹೀಗೆ ತೀರ್ಮಾನಿಸಿ, ಸುಮಾ ತಲೆಯಾಡಿಸಿದ ಮೇಲೆ ನಾನು ಬಾಯಿ ಬಿಡುವ ಪ್ರಶ್ನೆಯೇ ಇರಲಿಲ್ಲ. ಟೇಬಲ್ ಉಳಿಯಿತು. ಈಗ ಹೊರಗೆ ಹಿಮದಲ್ಲಿ ನಿಂತು ಗಾಜು ಕೆರೆಯುವವನು ನಾನು. ಸೀಟು ಬಿಸಿಯಾಗುವವರೆಗೆ ನಡುಗುತ್ತೇನೆ, ಆದರೂ ಮನಸ್ಸಿಗೆ ಹಿತವಾಗಿದೆ.

ಅತ್ತೆ ಧಾರವಾಡಕ್ಕೆ ಹೊರಟಾಗ ಮೀಟರಿಗೆ ಹಚ್ಚಿ ನೋಡಿದ ಕಾಯಿಲುಗಳನ್ನೂ ಬಟ್ಟಲನ್ನೂ ಅಡಾಪ್ಟರನ್ನೂ ಕಟ್ಟಿಕೊಟ್ಟೆ. ಮೊನ್ನೆ ಫೋನ್ ಮಾಡಿದ್ದರು. ಕ್ಷೇಮ ಸಮಾಚಾರ ಮುಗಿದ ಮೇಲೆ ದನಿ ತಗ್ಗಿಸಿ, "ಕೆಂಡದ ಧೂಪ ಬಿಟ್ಟೀನಿ, ಕಾಯಿಲ್ ಮುಗೀಲಿಕ್ಕೆ ಬಂದಾವ್ರಿ. ಬರೋರ ಕೈಯಾಗ ಒಂದಿಷ್ಟು ಕಳಸ್ರಿ. ಮುಂಜಾನೆ ಎದ್ದ ಕೂಡ್ಲೆ ಅದೊಂದು ಆಗ್ಲಿಲ್ಲಂದ್ರ ಕೈಕಾಲ ಆಡೂದಿಲ್ಲ" ಎಂದರು. ನನಗೆ ಈ ಮಾತು ಎಲ್ಲೋ ಕೇಳಿದ ಹಾಗನ್ನಿಸಿತು. ದಿನಕ್ಕೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಅತ್ತೆ ಎಂದು ಬುದ್ಧಿ ಹೇಳಬೇಕೆಂದು ಬಾಯಿ ತೆರೆದೆ. ಆಮೇಲೆ ಟೇಬಲ್ಲಿನ ನೆನಪಾಗಿ, "ಎಷ್ಟು ಬೇಕು?" ಎಂದು ಕೇಳಿದೆ.