ಪೊನ್ಸೊ ಕೈ ಚಾಚಿದ ಸಂಜೆ

ಅಕ್ಕಿ ತೊಳೆದ ನೀರನ್ನು ಬೋಗುಣಿಗೆ ಸುರಿದುಕೊಂಡು ಪೊನ್ಸೊ ತನ್ನ ಹುಂಜ ಜನರಲ್‌ಗೆ ಸ್ನಾನ ಮಾಡಿಸುತ್ತಿದ್ದ. ಎರೆಯುವ ಅಜ್ಜಿ ಕೂಸಿನ ಕಾಲು ನೀವುವಂತೆ ಅದರ ತೊಡೆ ನೀವುತ್ತಿದ್ದಾಗ ಬಿದಿರ ಬೇಲಿಯಾಚೆಯಿಂದ, ಊರೆಲ್ಲ ಮನಾಂಗ್, ಅಂದರೆ ಅಕ್ಕ, ಎಂದು ಕರೆಯುವ ಎಫ್ರಾಸಿಯಾಳ ದನಿ ಬಂತು.

"ಏನಯ್ಯಾ ಪೊನ್ಸೊ, ಕೋಳಿ ಅಂಕ ಬಿಟ್ಟೆ ಅಂದೆ. ಸೇವೆ ಮಾತ್ರ ಜೋರಾಗಿ ನಡೀತಿದೆ!"

"ಬಿಟ್ಟಿರೋದು ಅಂಕ, ಮನಾಂಗ್. ಜನರಲ್ ನಮ್ಮನೆ ಮಗ. ಮಗನಿಗೆ ನೀರು ಹಾಕಬಾರ್ದಾ?"

ಪೇಟೆಯ ಅಂಕದ ಕಣದಲ್ಲಿ ಪೊನ್ಸೊ ಪಂತ ಹಿಡಿಯುವವನಾಗಿದ್ದ. ನಡುವೆ ನಿಂತು ಎರಡೂ ತೋಳು ಚಾಚಿದನೆಂದರೆ ಸುತ್ತಲಿನ ಜನ ಕೂಗಿ ಬೆರಳು ತೋರಿಸಬೇಕು, ಇವನು ಬೆರಳಲ್ಲೇ ಉತ್ತರ ಕೊಡಬೇಕು. ಕಾಗದವಿಲ್ಲ, ಸಾಕ್ಷಿಯಿಲ್ಲ. ಪೊನ್ಸೊನ ಬೆರಳು ಆಡಿತೆಂದರೆ ಪಂತ ಬಿತ್ತು, ಗೆದ್ದವರಿಗೆ ಅವನೇ ದುಡ್ಡು ಎಣಿಸಬೇಕು.

ಈಸ್ಟರ್‌ಗೆ ಮುಂಚಿನ ವ್ರತಕಾಲ ಶುರುವಾಗುವ ಬೂದಿ ಬುಧವಾರ ಅದನ್ನೆಲ್ಲ ಬಿಟ್ಟ. ಈಸ್ಟರ್ ದಿನ ಮಗಳು ಲುನಿಂಗ್ ಮೊದಲ ಪರಮಪ್ರಸಾದ ತೆಗೆದುಕೊಳ್ಳುವವಳಿದ್ದಳು. "ನೀನೂ ನನ್ನ ಕೈ ಹಿಡ್ಕೊಂಡು ಬರ್ತೀಯಾ ಅಪ್ಪಾ?" ಎಂದು ಕೇಳಿದ್ದಳು. ಪೊನ್ಸೊ ವರ್ಷಗಳಿಂದ ಚರ್ಚಿನ ಬಲಿಪೀಠದ ಹತ್ತಿರ ಸುಳಿದವನಲ್ಲ. ಆದರೂ ಬರ್ತೀನಿ ಎಂದು ಮಾತು ಕೊಟ್ಟಿದ್ದ. ಅಲ್ಲಿಯವರೆಗೆ ಕಾಳಗಕ್ಕಿಳಿದ ಹುಂಜವನ್ನು ಮುಟ್ಟುವುದಿಲ್ಲ, ಕಣ್ಣೆತ್ತಿ ನೋಡುವುದಿಲ್ಲ.

"ನಮ್ಮೊಳಗೆ ಒಬ್ಬ ಹಳೇ ಮನುಷ್ಯ ಇದ್ದಾನೆ. ಅವನನ್ನು ದಿನಾ ಶಿಲುಬೆಗೆ ಹಾಕಬೇಕು," ಎಂದಿದ್ದರು ಪಾದ್ರಿ. ಪೊನ್ಸೊ ದಿನಾ ಹಾಕುತ್ತಿದ್ದ. ಆ ಪುಣ್ಯಾತ್ಮ ಊಟದ ಹೊತ್ತಿಗೆ ಸರಿಯಾಗಿ ಇಳಿದು ಬರುತ್ತಿದ್ದ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ. ಗರಿಗಳ ಭಾನುವಾರದ ತನಕಾನೂ ತಡೆಯಲ್ಲ ಇವನು," ಎಂದು ಮನಾಂಗ್ ಚರ್ಚಿನ ಬಾಗಿಲಲ್ಲೇ ಸಾರಿದ್ದಳು. ಗರಿಗಳ ಭಾನುವಾರ ಕಳೆದು ಇವತ್ತು ಪವಿತ್ರ ಗುರುವಾರ, ಈಸ್ಟರ್‌ಗೆ ಮೂರೇ ದಿನ. ಪೊನ್ಸೊ ಗಟ್ಟಿಯಾಗಿಯೇ ಇದ್ದ.

"ನೋಡಿದ್ರಲ್ಲ ಮನಾಂಗ್? ಸುಟ್ಟಿದ್ದೀನಿ, ಹೋಗಿದೆ."

"ಸರಿಯಪ್ಪ. ಈಗ ನಿನ್ನ ಹುಂಜ ಕೊಡು. ಸಂಜೆ ನಾಟಕಕ್ಕೆ ಬೇಕು."

ಯೇಸುಸ್ವಾಮಿಯ ಶ್ರಮೆಯ ನಾಟಕಕ್ಕೆ ಅವಳೇ ಯಜಮಾನಿ, ಅವಳೇ ಮಾತೆ ಮರಿಯ. ಪೊನ್ಸೊ ಯೇಸುವಿನ ಶಿಷ್ಯ ಪೇತ್ರ. ಪೇತ್ರ ಹೆದರಿ ತನ್ನ ಗುರುವಿನ ಬಗ್ಗೆಯೇ ಮೂರು ಸಲ "ಅವನನ್ನು ನಾನರಿಯೆ" ಎಂದಾಗ ಹುಂಜ ಕೂಗಬೇಕು. ಹೋದ ವರ್ಷ ಪರದೆಯ ಹಿಂದಿನಿಂದ ಬಡಗಿ ಕೂಗಿ, ಅದು ಹಂದಿ ಅರಚಿದಂತಾಗಿ, ಶಿಲುಬೆ ಹೊರುವವನೂ ನಕ್ಕುಬಿಟ್ಟಿದ್ದ.

"ಕೂಗೋಕೆ ಮಾತ್ರ ತಾನೆ?" ಎಂದ ಪೊನ್ಸೊ.

"ಮತ್ತೇನು, ಬೋಧನೆ ಮಾಡುತ್ತಾ?"

ಸಂಜೆ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಹಲಗೆ ಹಾಸಿದ ವೇದಿಕೆ. ಊರೆಲ್ಲ ನೆರೆದಿತ್ತು. ಪೊನ್ಸೊ ಹಾಸಿಗೆಯ ಹೊದಿಕೆ ಸುತ್ತಿಕೊಂಡು, ತೆಂಗಿನ ನಾರಿನ ಗಡ್ಡ ತುರಿಸಿಕೊಳ್ಳುತ್ತ ನಿಂತ. ಜನರಲ್‌ನನ್ನು ಕಂಬಕ್ಕೆ ಕಟ್ಟಿದ್ದರು. ಪರದೆಯ ಹಿಂದೆ ಇಣುಕಿದರೆ ರೋಮನ್ ಸೈನಿಕನ ವೇಷದ ತಾಸ್ಯೊ. ಕಂಕುಳಲ್ಲಿ ಅವನ ಕೆಂಪು ಹುಂಜ!

"ಇದನ್ಯಾಕೋ ತಂದಿದ್ದೀಯ, ಪಾರೆ?"

ಪೊನ್ಸೊ ತಾಸ್ಯೊನ ಮಗನಿಗೆ ಜ್ಞಾನಸ್ನಾನದ ತಂದೆ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಪಾರೆ.

"ಒಂಟಿ ಹುಂಜ ಸಂಜೆ ಹೊತ್ತು ಕೂಗಲ್ಲ, ಪಾರೆ. ಎದುರಿಗೆ ವೈರಿ ಕಂಡ್ರೆ ತಾನೇ ಕೂಗುತ್ತೆ. ಮನಾಂಗೇ ತರೋಕೆ ಹೇಳಿದ್ದು."

ಪೊನ್ಸೊ ಒಮ್ಮೆ, ಎರಡನೆಯ ಸಲ, ಮೂರನೆಯ ಸಲ ತನ್ನ ಗುರುವನ್ನು ಅಲ್ಲಗಳೆದ. ತಾಸ್ಯೊ ಪರದೆ ಸರಿಸಿದ. ಜನರಲ್ ಕತ್ತು ನೀಳ ಮಾಡಿ ಕೂಗಿತು. ಜನ "ಆಹಾ!" ಎಂದು ಉಸಿರು ಬಿಡುವಷ್ಟರಲ್ಲಿ ಕೆಂಪು ಹುಂಜ ಜಿಗಿಯಿತು, ಜನರಲ್‌ನ ದಾರ ಕಡಿದುಹೋಯಿತು, ಎರಡೂ ವೇದಿಕೆಯ ನಡುವೆ ಒಗೆದ ಬಟ್ಟೆಯ ಗಂಟಿನಂತೆ ಉರುಳಿದವು.

ಸೈನಿಕರು ಈಟಿ ಎಸೆದು ಸುತ್ತ ನಿಂತರು. ಕಟ್ಟಿಹಾಕಿದ್ದ ಯೇಸುಪಾತ್ರಧಾರಿ ತಾನೇ ಕಟ್ಟು ಬಿಚ್ಚಿಕೊಂಡು ಮುಂದೆ ಬಂದ.

"ಬಿಡಿಸೋ ಪೊನ್ಸೊ!" ಎಂದರು ಯಾರೋ.

ಮುಟ್ಟುವಂತಿಲ್ಲ. ನೋಡುವಂತಿಲ್ಲ. ಒಳಗಿನ ಹಳೇ ಮನುಷ್ಯ, "ಒಂದೇ ಒಂದು ಸಲ ನೋಡೋ, ರೆಕ್ಕೆ ಏಟು ಹೇಗಿದೆ ಅಂತ," ಎಂದು ಪಕ್ಕೆ ತಿವಿದ. "ನಿನಗೆ ಸೋಲೋನಲ್ಲ ಕಣೋ ನಾನು!" ಎಂದು ಪೊನ್ಸೊ ಹಲ್ಲು ಕಚ್ಚಿ, ಬೆನ್ನು ತಿರುಗಿಸಿ, ಮಂಡಿಯೂರಿದ. ಕಣ್ಣು ಬಿಗಿಯಾಗಿ ಮುಚ್ಚಿದ. ಪವಿತ್ರ ವಾರದಲ್ಲಿ ಅಜ್ಜಿಯರು ಮಾಡುವಂತೆ ಎರಡೂ ತೋಳು ಅಗಲವಾಗಿ ಚಾಚಿ ಪ್ರಾರ್ಥಿಸತೊಡಗಿದ. ಬೆರಳುಗಳು ನಡುಗುತ್ತಿದ್ದವು.

ಕಿವಿ ಮುಚ್ಚಲು ಕೈ ಉಳಿದಿರಲಿಲ್ಲ. ಗದ್ದಲ ಏರಿತು, ಏರಿತು, ಆಮೇಲೆ ಥಟ್ಟನೆ ನಿಂತಿತು. ಪೊನ್ಸೊ ಕಣ್ಣು ತೆರೆದ. ಕೆಂಪು ಹುಂಜ ಬೆಂಚಿನ ಕೆಳಗೆ ಅಡಗಿತ್ತು. ಜನರಲ್ ವೇದಿಕೆಯಲ್ಲಿ ಮಾತೆ ಮರಿಯ ಕೂರಲೆಂದು ಇಟ್ಟಿದ್ದ ಪೀಠದ ಮೇಲೆ ಎದೆಯುಬ್ಬಿಸಿ ನಿಂತಿತ್ತು.

'ಗೆದ್ದೆ,' ಎಂದುಕೊಂಡ ಪೊನ್ಸೊ. ಹುಂಜವಲ್ಲ, ತಾನು. ಮುಟ್ಟಲಿಲ್ಲ, ನೋಡಲಿಲ್ಲ. ಯಾವಾಗಲೋ ವೇದಿಕೆ ಹತ್ತಿ ಪಕ್ಕದಲ್ಲಿ ಬಂದು ನಿಂತಿದ್ದ ಲುನಿಂಗ್ ಅವನ ಹೊದಿಕೆ ಜಗ್ಗಿದಳು. "ಅಪ್ಪಾ…"

ಅಷ್ಟರಲ್ಲಿ ಜನ ಮುತ್ತಿಕೊಂಡರು.

"ನನ್ನದು ಜನರಲ್ ಮೇಲಿತ್ತು ಪೊನ್ಸೊ, ದುಡ್ಡು ತೆಗಿ!"

"ಯಾವ ಪಂತ? ನಾನು ಪ್ರಾರ್ಥನೆ ಮಾಡ್ತಿದ್ದೆ!"

"ಕೈ ಚಾಚಿದೆ, ನಾನು ಕೂಗಿದೆ, ನಿನ್ನ ಬೆರಳು ಆಡಿತು. ನಿನ್ನ ಬೆರಳು ಯಾವತ್ತಾದ್ರೂ ಸುಳ್ಳು ಹೇಳಿದೆಯಾ?"

"ಆ ಪಂತದವನು ನಾನಲ್ಲ ಅಂದೆನಲ್ಲ!"

ನೀಲಿ ಸೆರಗು ಮುಖದವರೆಗೆ ಎಳೆದುಕೊಂಡು ಮನಾಂಗ್ ಎಫ್ರಾಸಿಯಾ ಅವನ ಕಿವಿಯ ಹತ್ತಿರ ಬಾಗಿದಳು. "ನಂದೂ ಜನರಲ್ ಮೇಲೇ ಕಣೋ. ಪಾದ್ರಿಗೆ ಗೊತ್ತಾಗೋ ಮುಂಚೆ ಕೊಟ್ಬಿಡು."

"ಅಯ್ಯೋ ಮನಾಂಗ್, ಆ ಪಂತದವನು, ಅವನ್ಯಾರೋ ನನಗೆ ಗೊತ್ತೇ ಇಲ್ಲ!" ಎಂದು ಪೊನ್ಸೊ ಊರಿಗೆಲ್ಲ ಕೇಳುವಂತೆ ಅರಚಿದ.

ಪೀಠದ ಮೇಲಿಂದ ಜನರಲ್ ಮತ್ತೊಮ್ಮೆ ಕೂಗಿತು.

ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಪಾದ್ರಿ ಮೆಲ್ಲಗೆ ಎದ್ದು ಬರುತ್ತಿದ್ದರು. ಪೊನ್ಸೊ ಗಡ್ಡ ಕಿತ್ತೆಸೆದು ಸೆಟೆದು ನಿಂತ. "ಬರಲಿ! ನಾನು ಕಣ್ಣು ಮುಚ್ಚಿದ್ದೆ. ಪೂರ್ತಿ ಮುಚ್ಚಿದ್ದೆ. ದೇವರನ್ನು ಬಿಟ್ಟು ಇನ್ಯಾರ ಹತ್ರಾನೂ ನಾನು ಮಾತಾಡಲಿಲ್ಲ. ನನ್ನ ಮಗಳನ್ನೇ ಕೇಳಿ! ಹೇಳು ಪುಟ್ಟಿ, ನೀನು ಪಕ್ಕದಲ್ಲೇ ಇದ್ದೆಯಲ್ಲ?"

ಲುನಿಂಗ್ ಅವನ ಕೈ ಹಿಡಿದುಕೊಂಡಳು. ಅಷ್ಟು ಹೊತ್ತಿನಿಂದ ತುಟಿಯ ಮೇಲೇ ಇಟ್ಟುಕೊಂಡಿದ್ದ ಮಾತನ್ನು ಎಲ್ಲರೂ ಕೇಳುವಂತೆ ಕೇಳಿದಳು:

"ಅಪ್ಪಾ, ನಿನ್ನ ತುಟಿ ಅಲ್ಲಾಡ್ತಿತ್ತಲ್ಲ, ಯಾವ ಹುಂಜ ಗೆಲ್ಲಲಿ ಅಂತ ದೇವರನ್ನ ಕೇಳ್ಕೊಂಡೆ?"